ಸವಳು ಎದ್ದ ಅಂಗಳ

“ಅಂಗಳ ಹೆಂಗೈತಿ? ಮ್ಯಾಲೆ ಹಿಟ್ಟಿನಂಗ ಪುಡಿ ಬಿಡಾಕತ್ತಿಲ್ಲ, ಹೌದಿಲ್ಲೋ?”

ಟೇಪ್ ರೆಕಾರ್ಡರಿನೊಳಗಿಂದ ಕನಕರಾಯನ ದನಿ ಇಷ್ಟು ಕೇಳಿ ಸುಮ್ಮನಾಯಿತು. ಅವನ ಹಿಂದೆ ಯಾರೋ ಕೆಮ್ಮಿದರು. ಒಂದು ತಟ್ಟೆ ಸದ್ದಾಯಿತು. ಫ್ಯಾನು ತಿರುಗುವ ಗರಗರ ಕೇಳಿಸುತ್ತಲೇ ಇತ್ತು. ನೆರೆಮನೆಯ ದಾವಲ್‌ಬೀಯ ಪಡಸಾಲೆಯಲ್ಲಿ ನೆಲ್ಲಿನ ಚೀಲಕ್ಕೆ ಒರಗಿ ಕೂತಿದ್ದ ಕನಕರಾಯನ ಹೆಂಡತಿ ಯಮನಮ್ಮ ಟೇಪಿನ ಕಡೆಗೆ ಬಾಗಿದಳು. ಉತ್ತರ ಬರಲೆಂದು ಅಷ್ಟು ಜಾಗ ಬಿಟ್ಟು, ಅದು ಬಂತೆಂದೇ ತಿಳಿದವನಂತೆ ದನಿ ಮತ್ತೆ ಶುರುವಾಯಿತು. “ಪಾಚಿ ಕಟ್ಟಾಕ ಬಿಡಬ್ಯಾಡ. ಜಾರತೈತಿ. ಬಟ್ಟಿ ಒಗಿಯೋ ಮೂಲ್ಯಾಗ ಸೋಡಾ ನೀರು ನಿಲ್ಲಬಾರದು. ಯವ್ವಗ ಮೊಣಕಾಲು ನೋವು ಕಡಿಮಿ ಆತೇನು?”

ಅಷ್ಟೇ. ಕ್ಯಾಸೆಟ್ಟಿನ ಒಂದು ಮಗ್ಗಲು ಕನಕರಾಯನದು, ಇನ್ನೊಂದು ದಾವಲ್‌ಬೀಯ ಮಗ ಮಹಬೂಬನದು. ಇಬ್ಬರೂ ಕುವೈತಿನಲ್ಲಿ ಒಂದೇ ಕಂಪನಿ, ಒಂದೇ ಕೋಣೆ. ರಾಯಚೂರು ಕಡೆಯವರು ಯಾರಾದರೂ ರಜೆಗೆ ಹೊರಟರೆ ಅವರ ಕೈಯಲ್ಲಿ ಈ ಕ್ಯಾಸೆಟ್ಟು ಬರುತ್ತಿತ್ತು. ಬಂದ ದಿನ ಎರಡೂ ಮನೆಯವರು ಸೇರಿ ಕೇಳುತ್ತಿದ್ದರು. ಮಹಬೂಬನ ಮಗ್ಗಲು ಮುಗಿಯುವ ಹೊತ್ತಿಗೆ ದಾವಲ್‌ಬೀ ಸೆರಗಿನಲ್ಲಿ ಮುಖ ಮುಚ್ಚಿರುತ್ತಿದ್ದಳು. ಅವನು ಅಮ್ಮಾ ಅಮ್ಮಾ ಎನ್ನುತ್ತಲೇ ಅಷ್ಟೂ ಟೇಪು ಮುಗಿಸುತ್ತಿದ್ದ. ಕನಕರಾಯನಿಗೆ ಹಾಗೆ ಬರುತ್ತಿರಲಿಲ್ಲ. ಎದುರಿಗಿದ್ದಾಗಲೂ ಅವನು ಮಾತಿನವನಲ್ಲ.

ಉತ್ತರ ತುಂಬುವ ಸರದಿ ಬಂದಾಗ ದಾವಲ್‌ಬೀಯ ಗಂಡ ಜಿಲಾನಿಸಾಬ್ ಎರಡು ಗುಂಡಿ ಒಟ್ಟಿಗೆ ಒತ್ತಿ, “ಹ್ಞಾಂ, ಮಾತಾಡವ್ವ,” ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಯಮನಮ್ಮನ ಎದೆಯಲ್ಲಿ ವಾರಗಟ್ಟಲೆ ಜೋಡಿಸಿಟ್ಟುಕೊಂಡ ಮಾತುಗಳಿದ್ದವು. ಅತ್ತೆ, ಜಿಲಾನಿಸಾಬ್, ದಾವಲ್‌ಬೀ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

“ಅಂಗಳ ಛಲೋ ಐತ್ರಿ,” ಅಂದಳು. “ಕನ್ನಡಿ ಇದ್ದಂಗ ಐತಿ.”

ಮನೆಗೆ ಬರುವಾಗ ಅತ್ತೆ ಅಮರಮ್ಮ ಅಂಗಳದ ನಡುವೆ ನಿಂತು ಕಾಲಿನ ಹೆಬ್ಬೆರಳಿನಿಂದ ನೆಲ ಕೆದಕಿದಳು. ಬಿಲ್ಲೆಯಷ್ಟಗಲ ಹಕ್ಕಳೆ ಎದ್ದು ಬಂತು. “ಇದಾ ಏನಬೇ ಕನ್ನಡಿ?”

“ಅಲ್ಲಿ ಕುಂತು ಅವರೇನು ಮಾಡಾಕ ಬರತೈತಿ ಅತ್ತಿ? ಸುಮ್ಮನ ಚಿಂತಿ.”

“ಇನ್ನೊಬ್ಬ ಗೌಂಡಿ ಕರಸಿ ಮ್ಯಾಲೊಂದು ಪದರ ಬಳಿಸಿದರ ಆತು. ಸಿಂಧನೂರಾಗ ಗೌಂಡ್ಯಾರಿಗೇನು ಬರಾ?”

“ಬ್ಯಾಡ,” ಎಂದು ಯಮನಮ್ಮ ಕಸಬರಿಗೆ ಹಿಡಿದಳು. ಆ ಮಾತು ಎಷ್ಟು ಸಲ ಬಂದರೂ ಅವಳ ಉತ್ತರ ಅದೊಂದೇ.

ಅವಳು ಮುದಗಲ್ಲಿನ ಕಡೆಯವಳು. ಅಲ್ಲಿ ಗೋಡೆಯೂ ಕಲ್ಲು, ನೆಲವೂ ಕಲ್ಲು. ಮಳೆ ನಿಂತ ಅರ್ಧ ತಾಸಿನಲ್ಲಿ ಓಣಿ ತೊಳೆದಿಟ್ಟ ಹಾಗಾಗುತ್ತಿತ್ತು. ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಕಟ್ಟುವಾಗ ಊರ ಹೆಣ್ಣುಮಕ್ಕಳ ಜೊತೆ ಕೂಲಿಗೆ ಬಂದವಳು, ಬುಟ್ಟಿ ಹೊತ್ತು ಕಲಸಿದ ಸಿಮೆಂಟು ಸುರಿಯುತ್ತಿದ್ದಳು. ನೆಲ್ಲು ಒಣಹಾಕುವ ಕಣದ ಕೆಲಸ ಕನಕರಾಯನದು. ಅವನ ಕಣದ ಮೇಲೆ ಹರವಿದ ನೆಲ್ಲಿಗೆ ಒಂದು ಹರಳೂ ಅಂಟುವುದಿಲ್ಲ ಎಂದು ಗಿರಣಿ ಸಾಹುಕಾರರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬುಟ್ಟಿ ಎಲ್ಲಿ ಸುರಿಯಬೇಕೆಂದು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸಿಮೆಂಟು ಎಳೆಯುವ ಥಾಪಿಯ ತುದಿಯಿಂದ ನೆಲ ತೋರಿಸುತ್ತಿದ್ದ. ಅವಳು ಅಲ್ಲಿಯೇ ಸುರಿಯುತ್ತಿದ್ದಳು. ಮಿಕ್ಕವರ ಬುಟ್ಟಿಯನ್ನು ಅವನು ಎಳೆದು ಸರಿಮಾಡಬೇಕಾಗುತ್ತಿತ್ತು. ಕಣ ಮುಗಿಯುವ ಹೊತ್ತಿಗೆ ಅಮರಮ್ಮ ಹೆಣ್ಣು ಕೇಳಲು ಎಲೆ ಅಡಿಕೆ ಹಿಡಿದು ಮುದಗಲ್ಲಿನ ಬಸ್ಸು ಹತ್ತಿದ್ದಳು.

ಗೊರೇಬಾಳದಲ್ಲಿ ಕನಕರಾಯನ ಮನೆಯ ಅಂಗಳ ಆಗ ಬರೀ ಎರೆಮಣ್ಣು. ಕಾಲುವೆ ನೀರು ಬಂದಮೇಲೆ ಊರ ಸುತ್ತಲ ಗದ್ದೆಗಳು ವರ್ಷದ ಬಹುಪಾಲು ನೀರು ನಿಲ್ಲಿಸಿಕೊಂಡೇ ಇರುತ್ತಿದ್ದವು. ಮಳೆಗಾಲದಲ್ಲಿ ಅಂಗಳಕ್ಕೂ ಗದ್ದೆಗೂ ವ್ಯತ್ಯಾಸವಿರುತ್ತಿರಲಿಲ್ಲ. ಮದುವೆಯ ಮರುವರ್ಷ ಯಮನಮ್ಮ ತುಂಬಿದ ಕೊಡ ಹೊತ್ತು ಬರುತ್ತ ಆ ರಾಡಿಯಲ್ಲಿ ಜಾರಿಬಿದ್ದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಕನಕರಾಯ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದೆ ಮಹಬೂಬನ ಜೊತೆ ಕುವೈತಿಗೆ ಹೋಗುವುದು ಗಟ್ಟಿಯಾದಾಗ ಮಾತ್ರ, ಹೊರಡುವ ಮುಂಚೆ ಅಂಗಳಕ್ಕೆ ಕಾಂಕ್ರೀಟು ಹಾಕಿಯೇ ಹೋಗುವೆನೆಂದು ಹಟ ಹಿಡಿದ.

ಅದು ಕಡು ಬೇಸಿಗೆ. ಕಾಲುವೆಗೆ ನೀರು ಬಿಡುವುದು ನಿಂತಿತ್ತು. ಊರಲ್ಲಿ ಇದ್ದದ್ದು ಬೋರಿನ ಉಪ್ಪುಪ್ಪು ಸವಳು ನೀರು ಒಂದೇ. ಬೊಂಬಾಯಿಯಿಂದ ಕರೆ ಬಂದಿತ್ತು, ರೈಲಿಗೆ ಹೋಗುವುದಿತ್ತು. ಹಳ್ಳದ ಉಸುಕನ್ನು ತೊಳೆಯದೆ ಕಲಸಿದ. ಮೇಲೆ ನೀರು ಇನ್ನೂ ಮಿನುಗುತ್ತಿರುವಾಗಲೇ ಒಣ ಸಿಮೆಂಟು ಉದುರಿಸಿ ನುಣ್ಣಗೆ ಉಜ್ಜಿದ. ಸಂಜೆ ಚೀಲ ಹೆಗಲಿಗೇರಿಸಿ, “ಗೋಣಿತಟ್ಟು ಹೊಚ್ಚಿ ನೀರು ಹಾಕ್ತಿರು. ಒಣಗಾಕ ಬಿಡಬ್ಯಾಡ,” ಎಂದು ಹೇಳಿ ಬೇಲಿಯಾಚೆಯಿಂದ ಒಮ್ಮೆ ಅಂಗಳವನ್ನೂ ಒಮ್ಮೆ ಅವಳನ್ನೂ ನೋಡಿ ಹೋದ. ಅವಳು ಮೂರು ಹೊತ್ತೂ ನೀರು ಹೊತ್ತಳು. ಅದೇ ಸವಳು ನೀರು. ಬೇರೆ ನೀರು ಎಲ್ಲಿತ್ತು?

ಮೊದಲ ಚಳಿಗಾಲಕ್ಕೆ ಅಂಗಳದ ಮೇಲೆ ಬೆಳ್ಳಗೆ ಉಪ್ಪು ಎದ್ದಿತು, ಯಾರೋ ಜೋಳದ ಹಿಟ್ಟು ಚೆಲ್ಲಿದ ಹಾಗೆ. ಗುಡಿಸಿದರೆ ಹೋಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ಆಮೇಲೆ ಬೂದು ಪುಡಿ. ರಂಗೋಲಿ ಹಾಕಿದರೆ ಎಳೆ ನಿಲ್ಲುತ್ತಿರಲಿಲ್ಲ. ಮಳೆಗಾಲ ಕಳೆಯುತ್ತಲೇ ಹಕ್ಕಳೆ ಏಳತೊಡಗಿತು. ಅಲ್ಲಲ್ಲಿ ಕಡಲೆಕಾಳು ಗಾತ್ರದ ಕುಳಿಗಳು ಬಿದ್ದವು, ಒಳಗೆ ಬೆಳ್ಳನೆಯ ಸುಣ್ಣದ ಹರಳು. ಬಟ್ಟೆ ಒಗೆಯುವ ಮೂಲೆಯಲ್ಲಿ ಸಿಮೆಂಟು ಪೂರಾ ತಿಂದುಹೋಗಿ ಒಳಗಿನ ಖಡಿಕಲ್ಲು ಹಲ್ಲು ಕಿಸಿಯುತ್ತಿತ್ತು. ಎರಡು ವರ್ಷಕ್ಕೆ ಬರುತ್ತೇನೆಂದವನು ರಜೆ ಮುಂದೂಡಿದ. ಕಂಪನಿ ಹೊಸ ಕೆಲಸ ಹಿಡಿದಿದೆಯಂತೆ, ಮುಗಿಸಿ ಬರುವೆನೆಂದು ಕ್ಯಾಸೆಟ್ಟಿನಲ್ಲಿ ಹೇಳಿದ. ಅವಳು ಕನ್ನಡಿ ಇದ್ದಹಾಗಿದೆ ಎಂದೇ ಹೇಳುತ್ತ ಬಂದಳು. ಇನ್ನೊಬ್ಬ ಗೌಂಡಿ ಆ ನೆಲದ ಮೇಲೆ ಮೊಣಕಾಲೂರುವುದನ್ನು ನೆನೆಯಲೂ ಅವಳಿಗೆ ಆಗುತ್ತಿರಲಿಲ್ಲ. ಹಾಳಾಗಿಯಾದರೂ ಇರಲಿ, ಸರಿಮಾಡಲು ಅವನೇ ಬರಬೇಕು.

ಆ ವರ್ಷ ನಾಗರಪಂಚಮಿಯ ಜೋಕಾಲಿ ಹಗ್ಗಗಳನ್ನು ಜನ ಇನ್ನೂ ಬಿಚ್ಚಿರಲಿಲ್ಲ. ಜಿಲಾನಿಸಾಬ್ ರೇಡಿಯೋ ಕಂಕುಳಲ್ಲಿ ಇಟ್ಟುಕೊಂಡು ಓಡಿಬಂದ. ಇರಾಕಿನವರು ಕುವೈತಿನೊಳಗೆ ನುಗ್ಗಿದ್ದಾರೆ ಎಂದು ವಾರ್ತೆಯಲ್ಲಿ ಹೇಳಿದರು. ಅಮರಮ್ಮನಿಗೆ ಇರಾಕು ಎಂಬ ಹೆಸರೇ ಹೊಸದು. “ನುಗ್ಗಿದರ ನಮ್ಮವರಿಗೇನು? ಗೌಂಡ್ಯಾರನ್ನ ಯಾರು ಏನು ಮಾಡ್ತಾರ?” ಎಂದು ಎಲ್ಲರ ಮುಖ ನೋಡಿದಳು. ಜಿಲಾನಿಸಾಬ್ ರೇಡಿಯೋದ ಮುಳ್ಳು ತಿರುಗಿಸಿ ಬೇರೆ ಸ್ಟೇಷನ್ನು ಹುಡುಕತೊಡಗಿದ.

ಕ್ಯಾಸೆಟ್ಟು ಬರುವುದು ನಿಂತಿತು. ಜಿಲಾನಿಸಾಬ್ ಸಿಂಧನೂರಿಗೆ, ಲಿಂಗಸುಗೂರಿಗೆ, ಮಸ್ಕಿಗೆ ಹೋಗಿ, ಗಲ್ಫಿಗೆ ಮಕ್ಕಳನ್ನು ಕಳಿಸಿದವರ ಮನೆಗಳಲ್ಲೆಲ್ಲ ವಿಚಾರಿಸಿ ಬಂದ. ಎಲ್ಲ ಕಡೆ ಇವನನ್ನೇ ಕೇಳಿದರಂತೆ, ನಿಮಗೇನಾದರೂ ಗೊತ್ತಾಯಿತಾ ಎಂದು. ದಾವಲ್‌ಬೀ ಊಟ ಬಿಟ್ಟು ಹಳೆಯ ಕ್ಯಾಸೆಟ್ಟುಗಳನ್ನೇ ಹಾಕಿಕೊಂಡು ಕೂತಳು. ಟೇಪು ಸವೆದು ಮಹಬೂಬನ ದನಿ ದಿನದಿನಕ್ಕೂ ಎಳೆದಂತಾಗುತ್ತಿತ್ತು.

ಒಂದು ಮಧ್ಯಾಹ್ನ ಗದ್ದೆಯ ಕಳೆ ಮುಗಿಸಿ ಬಂದ ಯಮನಮ್ಮ ಅವಳ ಬಾಗಿಲಲ್ಲಿ ನಿಂತಳು.

“ದಾವಲಮ್ಮ, ಆ ಕಡಿ ಮಗ್ಗಲು ಹಾಕ್ತಿ ಏನು?”

ದಾವಲ್‌ಬೀ ಕ್ಯಾಸೆಟ್ಟು ತಿರುಗಿಸಿ ಹಾಕಿ, ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋದಳು.

“ಅಂಗಳ ಹೆಂಗೈತಿ? ಮ್ಯಾಲೆ ಹಿಟ್ಟಿನಂಗ ಪುಡಿ ಬಿಡಾಕತ್ತಿಲ್ಲ, ಹೌದಿಲ್ಲೋ?”

ಕೆಮ್ಮು. ತಟ್ಟೆ. ಫ್ಯಾನು. ಆ ಖಾಲಿ ಜಾಗದಲ್ಲಿ ಯಮನಮ್ಮ ಬಾಯಿ ತೆರೆದಳು.

“ಪುಡಿ ಬಿಡಾಕತ್ತೈತ್ರಿ. ಹಕ್ಕಳಿ ಹಕ್ಕಳಿ ಆಗೈತಿ. ಮೂಲ್ಯಾಗ ಖಡಿ ಎದ್ದಾವ. ನಾ ಏನು ಮಾಡ್ಲಿ? ಬರ್ರಿ.”

“ಪಾಚಿ ಕಟ್ಟಾಕ ಬಿಡಬ್ಯಾಡ,” ಎಂದಿತು ದನಿ. “ಜಾರತೈತಿ.”

ಅವಳು ಗುಂಡಿ ಒತ್ತಿ ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಕೇಳಿಸಿಕೊಂಡಳು, ಮತ್ತೊಮ್ಮೆ ಹೇಳಿದಳು. ಹಿತ್ತಲಲ್ಲಿ ದಾವಲ್‌ಬೀ ಕೊಡ ತುಂಬಿದ ಮೇಲೂ ಒಳಗೆ ಬರಲಿಲ್ಲ.

ದಸರೆ ಕಳೆದಿತ್ತು. ಇಳಿಹೊತ್ತಿನ ಬಸ್ಸಿನಿಂದ ಇಬ್ಬರು ಇಳಿದು ಊರೊಳಗೆ ನಡೆದು ಬರುತ್ತಿದ್ದಾರೆಂದು ಯಾರೋ ಕೂಗಿದರು. ಆಚೆ ಮನೆಯಲ್ಲಿ ದಾವಲ್‌ಬೀ ಅತ್ತದ್ದು ಮೊದಲು ಕೇಳಿಸಿತು. ಯಮನಮ್ಮ ಬಾಗಿಲಿಗೆ ಬಂದಳು. ಬೇಲಿಯ ಬಳಿ ಕನಕರಾಯ ನಿಂತಿದ್ದ. ಗಡ್ಡ ಬೆಳೆದಿತ್ತು. ಅವನದಲ್ಲದ ದೊಗಳೆ ಅಂಗಿ. ಕೈಗೆ ಟವೆಲು ಸುತ್ತಿಕೊಂಡಿದ್ದ. ಅಂಗಳದೊಳಗೆ ಕಾಲಿಟ್ಟಾಗ ಚಪ್ಪಲಿಯಡಿ ಹಕ್ಕಳೆಗಳು ಕರಕರ ಎಂದವು. ಅವನು ನಿಂತು ಕೆಳಗೆ ನೋಡಿದ. ಆಮೇಲೆ ಅವಳನ್ನು ನೋಡಿದ.

“ಕನ್ನಡಿ ಅಂದಿದ್ದಿಯಲ್ಲ?”

ಯಮನಮ್ಮ ಹೊಸ್ತಿಲು ದಾಟಿ ಕೆಳಗಿಳಿದಳು. ಅಷ್ಟರಲ್ಲಿ ಅಮರಮ್ಮ ಒಳಗಿನಿಂದ “ಕನಕಾ” ಎಂದು ಕೂಗುತ್ತ ಬಂದು ಮಗನ ಎದೆಗೆ ಬಿದ್ದಳು.

ಬಂದವನು ಊಟಕ್ಕೆ ಕೂತು ಚೀಲದಿಂದ ಚಮಚ ತೆಗೆದ. ಮಗ ಸಾಹೇಬನಾಗಿ ಬಂದನೆಂದು ಅಮರಮ್ಮ ನಕ್ಕಳು. ಯಮನಮ್ಮ ನಗಲಿಲ್ಲ. ಟವೆಲಿನ ಅಂಚಿನಲ್ಲಿ ರಕ್ತದ ಕಲೆ ಕಂಡಿತ್ತು. ಮರುದಿನ ಮೀಯುವಾಗ ಬಿಸಿನೀರು ಕೊಡಲು ಹೋಗಿ ನೋಡಿದಳು. ಅಂಗೈಯ ಚರ್ಮ ಒಣಗಿ ದಪ್ಪಗಾಗಿ ಗೆರೆಗೆರೆಯಾಗಿ ಸೀಳಿತ್ತು. ಬೆರಳಿನ ಗೆಣ್ಣುಗಳಲ್ಲಿ ಕೆಂಪು ಮಾಂಸ ಕಾಣುತ್ತಿತ್ತು. ಸಿಮೆಂಟು ಮೈಗೆ ಆಗಿಬಂದಿಲ್ಲವೆಂದು ಅಲ್ಲಿಯ ಡಾಕ್ಟರು ಹೇಳಿದ್ದನಂತೆ. ಸಿಂಧನೂರಿನ ಡಾಕ್ಟರೂ ಅದನ್ನೇ ಹೇಳಿ ಮುಲಾಮು ಬರೆದುಕೊಟ್ಟ, ಇನ್ನು ಜನ್ಮದಲ್ಲಿ ಸಿಮೆಂಟು ಮುಟ್ಟಬೇಡ ಎಂದ.

ಕುವೈತು ಬಿಟ್ಟು ಓಡಿ ಬರುವಾಗ ಗಡಿಯ ಮರಳಿನಲ್ಲಿ ಡೇರೆ ಹಾಕಿಕೊಂಡು ಕಾದದ್ದು, ಒಂದು ಬಾಟಲಿ ನೀರಿಗೆ ಗಂಡಸರು ಹೊಡೆದಾಡಿದ್ದು, ಇದನ್ನೆಲ್ಲ ಊರವರಿಗೆ ಹೇಳಿದವನು ಮಹಬೂಬ. ಕನಕರಾಯ ಹ್ಞೂಂಗುಟ್ಟುತ್ತಿದ್ದ. ದೀಪಾವಳಿ ಮುಗಿಯುವುದರೊಳಗೆ ಮಹಬೂಬ ಬೇರೆ ದೇಶದ ವೀಸಾ ಹುಡುಕಿಕೊಂಡು ಬೊಂಬಾಯಿಗೆ ಹೋದ. ಹೊಸ ಗಿರಣಿಯವರು ಕಣ ಹಾಕಿಕೊಡು ಎಂದು ಕನಕರಾಯನಿಗೆ ಹೇಳಿಕಳಿಸಿದರು. “ನೋಡೋಣು,” ಎಂದು ಕಳಿಸಿದ. ಅಂಗಳದ ಅಂಚಿಗೆ ಹೊರಸು ಹಾಕಿಕೊಂಡು ದಿನವೆಲ್ಲ ನೆಲ ನೋಡುತ್ತ ಕೂರುತ್ತಿದ್ದ. ರಾತ್ರಿಯೂ ಅಲ್ಲಿಯೇ ಮಲಗುತ್ತಿದ್ದ. ಒಮ್ಮೆ ಅವನ ಬೆರಳು ತಗುಲಿ ಅವಳ ಸೀರೆಯ ಎಳೆ ಕಿತ್ತುಬಂದಿತ್ತು. ಆವತ್ತಿನಿಂದ ಅವನು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಇರುತ್ತಿದ್ದ. ಮೂರು ವರ್ಷ ದೂರವಿದ್ದಾಗ ಅವನ ದನಿಯಾದರೂ ಬರುತ್ತಿತ್ತು. ಈಗ ಹತ್ತು ಹೆಜ್ಜೆ ಆಚೆ ಕೂತವನು ಅದಕ್ಕಿಂತ ದೂರ ಹೋಗಿದ್ದಾನೆ ಎಂದು ಯಮನಮ್ಮನಿಗೆ ಅನ್ನಿಸುತ್ತಿತ್ತು.

ಒಂದು ಮುಂಜಾನೆ ಅವಳು ಗುಡಿಸುತ್ತ ಅವನ ಹೊರಸಿನ ತನಕ ಬಂದು ನಿಂತಳು.

“ನಾ ಹಾಕಿದ್ದು ಸವಳು ನೀರು. ಅದಕ್ಕ ಹಿಂಗಾತೇನು?”

“ಗೊತ್ತೈತಿ. ಆಗ ಬ್ಯಾರೆ ನೀರು ಎಲ್ಲಿತ್ತು?” ಅವನು ಗಲ್ಲದಿಂದ ನೆಲ ತೋರಿಸಿದ. “ನಿನ್ನ ನೀರಿನಿಂದ ಬಂದದ್ದು ಮೊದಲಿನ ಉಪ್ಪು ಅಷ್ಟ. ಈಗಿಂದು ತೆಳಗಿನದು. ಸುತ್ತ ಗದ್ಯಾಗ ನೀರು ನಿಂತೈತಿ, ಮಣ್ಣಾಗಿನ ಸವಳು ಮ್ಯಾಲೆ ಏರತೈತಿ. ಆ ಕುಳಿ ಬಿದ್ದದ್ದು ಹಳ್ಳದ ಉಸುಕಿನ್ಯಾಗಿನ ಸುಣ್ಣದ ಹರಳಿಗೆ. ಮೂಲಿ ತಿಂದದ್ದು ಸೋಡಾ.” ಕೈಗಳನ್ನು ಕಂಕುಳಿಂದ ತೆಗೆದು ನೋಡಿಕೊಂಡ. “ಹಕ್ಕಳಿ ಮಾತ್ರ ನನ್ನ ಕೈಯಿಂದ ಆದದ್ದು. ಮ್ಯಾಲೆ ನೀರು ಇರುವಾಗಲೇ ಸಿಮೆಂಟು ಉದರಿಸಿ ಮುಚ್ಚಿದೆ. ರೈಲಿನ್ಯಾಗ ಕುಂತಾಗಲೇ ಗೊತ್ತಿತ್ತು, ಇದು ನಿಲ್ಲಂಗಿಲ್ಲ ಅಂತ.”

“ಗೊತ್ತಿದ್ದರ ಪ್ರತಿ ಸಲ ಯಾಕ ಕೇಳ್ತಿದ್ರಿ?”

“ಎಂಟು ಮಂದಿ ಗಂಡಸರು ಸುತ್ತ ಕುಂತಿರತಿದ್ದರು,” ಎಂದ ಕನಕರಾಯ. “ಇನ್ನೇನು ಕೇಳಬೇಕಿತ್ತು ನಾನು?”

ಯಮನಮ್ಮ ಕಸಬರಿಗೆ ಗೋಡೆಗೆ ಒರಗಿಸಿದಳು. ಆಮೇಲೆ ಒಳಗೆ ಹೋಗಿ ಮಾಡಿನ ಸಂದಿಯಲ್ಲಿದ್ದ ಥಾಪಿ ತಂದು ಹೊರಸಿನ ಮೇಲಿಟ್ಟಳು. ತುಕ್ಕು ಹಿಡಿದಿತ್ತು.

“ಕಾಲುವಿ ನೀರು ಈಗ ಐತಿ. ಬಿಸಲೂ ಸುಡಾಂಗಿಲ್ಲ. ನೀವು ಹೇಳ್ರಿ, ನಾ ಮಾಡ್ತೀನಿ.”

“ಹುಚ್ಚಿದ್ದೀಯೇನು? ಹೆಣ್ಣಮಕ್ಕಳು ಥಾಪಿ ಹಿಡಿದದ್ದು ಎಲ್ಲ್ಯಾರ ಐತೇನು?”

“ಹೆಣ್ಣಮಕ್ಕಳು ಬುಟ್ಟಿ ಹೊತ್ತು ನಿಂತು ಎಲ್ಲಾ ನೋಡಿರ್ತಾರ.”

ಕನಕರಾಯ ಥಾಪಿಯ ಕಡೆ ಕೈ ಚಾಚಲು ಹೋಗಿ ಹಿಂದಕ್ಕೆಳೆದುಕೊಂಡ. “ಮಾಡಿದರೂ ಮತ್ತ ಬರತೈತಿ,” ಎಂದ. “ಗದ್ದಿ ಇರೋತನಕ ಸವಳು ಇರತೈತಿ. ನಾಕೈದು ವರ್ಷಕ್ಕ ಮತ್ತ ಕೆದರಬೇಕು.”

“ಕೆದರೂಣಂತ.”

ಕೆಲಸ ಅವಳು ನೆನೆಸಿದ್ದಕ್ಕಿಂತ ನಿಧಾನವಾಗಿತ್ತು. ಮೊದಲು ಸಡಿಲಾದದ್ದನ್ನೆಲ್ಲ ಉಳಿಯಿಂದ ಕೆತ್ತಿ, ತಂತಿಯ ಬ್ರಷ್ಷಿನಿಂದ ತಿಕ್ಕಿ, ಗಟ್ಟಿ ನೆಲ ಸಿಗುವತನಕ ಹೋಗಬೇಕಾಯಿತು. ಅಮರಮ್ಮ ಗೊಣಗುತ್ತಲೇ ಕಾಲುವೆಯಿಂದ ಕೊಡ ಹೊತ್ತಳು. ಉಸುಕನ್ನು ಎರಡು ಸಲ ತೊಳೆಸಿದ ಕನಕರಾಯ, ಹಿಡಿ ಉಸುಕು ಬೆಳ್ಳನೆಯ ಅರಿವೆಯ ಮೇಲೆ ಹಾಕಿ ಮಣ್ಣಿನ ಕಲೆ ಉಳಿಯುತ್ತದೋ ನೋಡೆಂದು ಮತ್ತೊಮ್ಮೆ ತೊಳೆಸಿದ. ಅಂಗಳದ ಸುತ್ತ ನೀರು ಹರಿದುಹೋಗಲು ಚರಂಡಿ ತೋಡಿಸಿದ. ಓಣಿಯ ಜನ ಬೇಲಿಯ ಬಳಿ ನಿಂತು ನೋಡಿ ನಕ್ಕರು. ದಾವಲ್‌ಬೀ ಚಹಾ ತಂದುಕೊಟ್ಟು, “ನಮ್ಮ ಬಚ್ಚಲ ಕಟ್ಟೀನೂ ಒಡೆದೈತಿ ನೋಡವ್ವ ಗೌಂಡಿ,” ಎಂದಳು. ಬೊಂಬಾಯಿಯಿಂದ ಮಗನ ಸುದ್ದಿ ಬಂದಿತೇ ಎಂದು ಯಮನಮ್ಮ ಕೇಳಿದ್ದಕ್ಕೆ ಖಾಲಿ ಕಪ್ಪು ಎತ್ತಿಕೊಂಡು ಹೊರಟಳು.

ಕೊನೆಯ ಪದರ ಹಾಕುವ ದಿನ ಅವಳು ಬೇಲಿಯ ಕಡೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಿಂದೆಹಿಂದೆ ಸರಿದಳು. ಕನಕರಾಯ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು, “ಎಡಕ್ಕ. ಅಲ್ಲಿ ತಗ್ಗಾತು. ಹ್ಞಾಂ. ಒತ್ತಬ್ಯಾಡ, ಎಳಿ,” ಎನ್ನುತ್ತಿದ್ದ. ಇಷ್ಟು ಮಾತು ಅವನ ಬಾಯಿಂದ ಒಂದೇ ದಿನ ಬಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕೈ ನೋಯುತ್ತಿತ್ತು, ಸೊಂಟ ಬಿಗಿದಿತ್ತು. ಹೊಸ್ತಿಲಿಗೆ ಬಂದು ತಲುಪಿ ಅವನ ಪಕ್ಕ ಕೂತಾಗ ಇಡೀ ಅಂಗಳ ಅವರ ಮುಂದೆ ಹಸಿಯಾಗಿ ಹರಡಿತ್ತು. ಅವಳು ಹಲಗೆ ತೆಗೆದುಕೊಂಡು ಉಜ್ಜಲು ಬಗ್ಗಿದಳು.

“ತಡಿ,” ಎಂದ. “ನೀರು ಇಂಗಲಿ.”

ಕಾದರು. ಹೊಸ್ತಿಲಿನಿಂದ ಗೇಣುದ್ದ ಆಚೆ ಥಾಪಿಯ ಅಂಚು ಬಿಟ್ಟ ಸಣ್ಣ ಗೆರೆಯೊಂದು ಉಳಿದಿತ್ತು. ಕನಕರಾಯ ಅದನ್ನೇ ನೋಡುತ್ತಿದ್ದವನು ಮೈಮರೆತು ಬೆರಳು ಚಾಚಿದ. ಯಮನಮ್ಮ ಥಟ್ಟನೆ ಅವನ ಮಣಿಕಟ್ಟು ಹಿಡಿದಳು. ಅವನು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅಂಗೈ ಮೇಲೆ ಮಾಡಿ ಇಟ್ಟುಕೊಂಡಳು. ಸೀರೆಯ ಎಳೆ ಎಲ್ಲೋ ಸಿಕ್ಕಿಕೊಂಡಿತು. ಇಬ್ಬರೂ ಅದನ್ನು ಬಿಡಿಸಲು ಹೋಗಲಿಲ್ಲ.

ಬೇಲಿಯ ಆಚೆ ಅಮರಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದು ನಿಂತಳು. ಅಂಗಳ ನೋಡಿದಳು, ಹೊಸ್ತಿಲ ಮೇಲಿನ ಇಬ್ಬರನ್ನೂ ನೋಡಿದಳು.

“ನಾ ಒಳಗ ಹೆಂಗ ಬರ್ಲಿ?”

“ನಾಳಿತನಕ ಯಾರೂ ಕಾಲಿಡಂಗಿಲ್ಲ ಯವ್ವಾ,” ಎಂದ ಕನಕರಾಯ.

“ಹಂಗಾರ ನಾ ದಾವಲ್‌ಬೀ ಮನ್ಯಾಗ ಉಂಡು ಅಲ್ಲೇ ಮಕ್ಕೋತೀನಿ,” ಎಂದು ಅಮರಮ್ಮ ಹೊರೆ ಇಳಿಸದೆ ಹೊರಟುಹೋದಳು.

ಗದ್ದೆಗಳ ಕಡೆಯಿಂದ ಕೊಕ್ಕರೆಗಳ ಸಾಲು ಹಿಂತಿರುಗುತ್ತಿತ್ತು. ಅವುಗಳ ನೆರಳು ಹಸಿ ಅಂಗಳದ ಮೇಲೆ ಹಾದು ಗೋಡೆ ಹತ್ತಿ ಹೋಯಿತು. ನೀರಿನ ಹೊಳಪು ಅಂಚುಗಳಿಂದ ನಿಧಾನವಾಗಿ ಮಾಸುತ್ತ ನಡುವಿನಲ್ಲಿ ಮಾತ್ರ ಇನ್ನೂ ಉಳಿದಿತ್ತು.